ಕಾಗದದ ಕೆಲಸಕ್ಕೆ ಎಷ್ಟು ಸಾಮಾನು ಬೇಕು?
ಏಳನೇ ತರಗತಿಯ ಶುಭಾಶಯ ಪತ್ರ ಪಾಠದ ಒಂದು ಅಧ್ಯಯನ

ಪೀಠಿಕೆ

ಕಾರ್ಯಾನುಭವದ ಪಾಠ ಯೋಜನೆಯಲ್ಲಿ ‘ಬೇಕಾಗುವ ಸಾಮಗ್ರಿಗಳು’ ಎಂದು ಒಂದು ಸಾಲು ಇರುತ್ತದೆ. ಉದ್ದೇಶ, ಹಂತ, ಮೌಲ್ಯಮಾಪನಗಳನ್ನು ತಿದ್ದಿ ತಿದ್ದಿ ಬರೆಯುವ ನಾವು ಪ್ರಶಿಕ್ಷಣಾರ್ಥಿಗಳು ಈ ಸಾಲನ್ನು ಕೊನೆಯಲ್ಲಿ, ಅವಸರದಲ್ಲಿ ತುಂಬುತ್ತೇವೆ. ಆದರೆ ಮಗುವಿನ ಮನೆಯವರೆಗೆ ಹೋಗುವುದು ಯೋಜನೆಯ ಈ ಸಾಲು ಮಾತ್ರ. ಡೈರಿಯಲ್ಲಿ ಬರೆದುಕೊಂಡ ಪಟ್ಟಿ ಸಂಜೆ ತಾಯಿಯ ಮುಂದೆ ಹಣದ ಲೆಕ್ಕವಾಗುತ್ತದೆ. ಯಾರು ಮರುದಿನ ಕೈಯಾಡಿಸುತ್ತಾರೆ, ಯಾರು ಕೈಕಟ್ಟಿ ಕೂರುತ್ತಾರೆ ಎಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಕೈಕೆಲಸ ಶಾಲೆಗೆ ಬಂದದ್ದು ಎಲ್ಲ ಮಕ್ಕಳಿಗಾಗಿ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ಮೂಲ ಶಿಕ್ಷಣದ ಯೋಜನೆ ಕಸುಬನ್ನೇ ಕಲಿಕೆಯ ನಡುವೆ ಇರಿಸಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು ‘ಸಮಾಜೋಪಯೋಗಿ ಉತ್ಪಾದಕ ಕೆಲಸ’ ಎಂದು ಹೆಸರಿಸಿ ಪಠ್ಯಕ್ರಮದಲ್ಲಿ ಸೇರಿಸಲು ಶಿಫಾರಸು ಮಾಡಿತು. ಈ ಎರಡೂ ಯೋಜನೆಗಳ ಆಶಯ ನಮ್ಮ ಸಾಮಗ್ರಿ ಪಟ್ಟಿಯಲ್ಲಿ ಉಳಿದಿದೆಯೇ ಎಂಬ ಪ್ರಶ್ನೆಯಿಂದ ಈ ಚಿಕ್ಕ ಅಧ್ಯಯನ ಹುಟ್ಟಿತು.

ಹಿನ್ನೆಲೆ

ನನ್ನ ಇಂಟರ್ನ್‌ಶಿಪ್ ನಡೆದದ್ದು ಪಟ್ಟಣದ ಅಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಏಳನೇ ತರಗತಿಯಲ್ಲಿ 32 ಮಕ್ಕಳು. ಬೋಧನೆಗೆ ಮೊದಲಿನ ವೀಕ್ಷಣೆಯ ವಾರಗಳಲ್ಲಿ ಕಾಗದದ ಕೆಲಸದ ಒಂದು ತರಗತಿಯನ್ನು ನೋಡಿದೆ. ಹಿಂದಿನ ವಾರ ಬರೆಸಿದ ಪಟ್ಟಿಯಲ್ಲಿ 11 ಸಾಮಾನುಗಳಿದ್ದವು: ಬಣ್ಣದ ಕಾರ್ಡ್ ಹಾಳೆ, ಮಿಂಚುವ ಪುಡಿ, ಸ್ಟಿಕ್ಕರ್, ಬಣ್ಣದ ಟೇಪು, ಸ್ಕೆಚ್ ಪೆನ್ನು ಇತ್ಯಾದಿ. ಅಂದು ಎಲ್ಲವನ್ನೂ ತಂದವರು ಒಂಬತ್ತು ಮಂದಿ. ಕೆಲವರು ಎರಡು ಮೂರು ಸಾಮಾನು ತಂದು ಪಕ್ಕದವರ ಡಬ್ಬಿಯತ್ತ ನೋಡುತ್ತಿದ್ದರು. ಏನನ್ನೂ ತರದ ಐವರು ಹಿಂದಿನ ಬೆಂಚಿನಲ್ಲಿ ಕೂತು ‘ನೋಡಿ ಕಲಿತರು’. ನಾಲ್ವರು ಶಾಲೆಗೇ ಬಂದಿರಲಿಲ್ಲ. ಗೈರುಹಾಜರಿಗೆ ಬೇರೆ ಕಾರಣಗಳೂ ಇರಬಹುದು. ಒಂದು ದಿನದ ಹಾಜರಿಯಿಂದ ದೊಡ್ಡ ತೀರ್ಮಾನಕ್ಕೆ ಬರುವುದು ಸಲ್ಲ. ಆದರೆ ಮುಂದಿನ ತಿಂಗಳು ಅದೇ ತರಗತಿಗೆ ಶುಭಾಶಯ ಪತ್ರದ ಪಾಠ ಮಾಡುವ ಸರದಿ ನನಗೆ ಬಂದಾಗ, ಮಕ್ಕಳಿಂದ ಏನನ್ನೂ ತರಿಸದೆ ಮಾಡಲು ಸಾಧ್ಯವೇ ಎಂದು ನೋಡುವ ಆಸೆಯಾಯಿತು. ಮಾರ್ಗದರ್ಶಕ ಶಿಕ್ಷಕರು ಒಪ್ಪಿದರು.

ಅಗತ್ಯ ಯಾವುದು? ಮೂರು ಪ್ರಶ್ನೆಗಳು

ಪಟ್ಟಿಗೆ ಸೇರುವ ಪ್ರತಿಯೊಂದು ಸಾಮಾನಿಗೂ ನಾನು ಮೂರು ಪ್ರಶ್ನೆ ಹಾಕಿದೆ. ಇದಿಲ್ಲದಿದ್ದರೆ ಕೆಲಸ ನಿಲ್ಲುತ್ತದೆಯೇ? ಇದರ ಕೆಲಸವನ್ನು ಮನೆಯಲ್ಲೋ ಶಾಲೆಯಲ್ಲೋ ಈಗಾಗಲೇ ಇರುವ ಇನ್ನೊಂದು ವಸ್ತು ಮಾಡುತ್ತದೆಯೇ? ನಾಲ್ವರಿಗೆ ಒಂದು ಸಾಕೇ? ಹೀಗೆ ಸೋಸಿದ ಮೇಲೆ ಉಳಿದವು ಆರು: ಕಾಗದ, ಅಳತೆಯ ಪಟ್ಟಿ, ಮಡಿಕೆಯ ಗೆರೆ ಎಳೆಯುವ ಸಾಧನ, ಕತ್ತರಿ, ಅಂಟು, ಬಣ್ಣ. ಇವುಗಳ ಗುಣವನ್ನು ಶಿಕ್ಷಕರು ಅರಿತಿದ್ದರೆ ಏಳನೆಯದರ ಅಗತ್ಯ ಬೀಳುವುದಿಲ್ಲ.

1. ಕಾಗದ

ಕಾಗದದ ದಪ್ಪವನ್ನು ಅಂಗಡಿಯಲ್ಲಿ ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ನಾಲ್ಕು ಬಾರಿ ಅರ್ಧ ಮಾಡಿದರೆ 16 ಎ4 ಹಾಳೆ. ಹಾಗಾಗಿ 80 ಜಿಎಸ್‌ಎಂನ ಜೆರಾಕ್ಸ್ ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ನಿಲ್ಲುವ ಪತ್ರಕ್ಕೆ ಈ ಹಾಳೆ ಸಾಲದು, ಬಾಗಿ ಬೀಳುತ್ತದೆ. 200ರಿಂದ 300 ಜಿಎಸ್‌ಎಂ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ.

ಯಾವುದೋ ಹಳೆಯ ಕಾರ್ಡು ಎಷ್ಟು ಜಿಎಸ್‌ಎಂ ಎಂದು ತಿಳಿಯಬೇಕೆ? ಅದರಿಂದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚೌಕ ಕತ್ತರಿಸಿ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಬೇಕು. ಬಂದ ಗ್ರಾಂ ಅನ್ನು 100ರಿಂದ ಗುಣಿಸಿದರೆ ಆಯಿತು. ಚೌಕ 2.5 ಗ್ರಾಂ ಇದ್ದರೆ ಕಾಗದ 250 ಜಿಎಸ್‌ಎಂ. ಮದುವೆಯ ಹಂಗಾಮು ಮುಗಿದ ಮೇಲೆ ನಮ್ಮ ಮನೆಗಳಲ್ಲಿ ಲಗ್ನಪತ್ರಿಕೆಗಳ ಕಟ್ಟೇ ಉಳಿಯುತ್ತದೆ. ಅವುಗಳಲ್ಲಿ ಬಹಳಷ್ಟು ಪತ್ರ ಮಾಡಲು ತಕ್ಕ ದಪ್ಪದವು. ಮುದ್ರಣವಿಲ್ಲದ ಬದಿ ಬಳಸಬಹುದು. ಗೋಡೆ ಕ್ಯಾಲೆಂಡರಿನ ಹಳೆಯ ಹಾಳೆಗಳು ಅಲಂಕಾರದ ತುಣುಕುಗಳಿಗೆ ಒದಗುತ್ತವೆ.

ಕೊಳ್ಳಲೇಬೇಕಾದರೆ ಚಾರ್ಟ್ ಹಾಳೆ ಸಾಕು. ಇದ್ದವುಗಳಲ್ಲಿ ದಪ್ಪನೆಯದನ್ನು ಆರಿಸಬೇಕು. ನಾನು ಕೊಂಡ ಹಾಳೆಯ ಅಳತೆ 56 ಸೆಂ.ಮೀ. × 71 ಸೆಂ.ಮೀ. ಇದರಿಂದ ಎ5 ಅಳತೆಯ ತುಂಡುಗಳನ್ನು ಒಂದೇ ದಿಕ್ಕಿಗೆ ಕತ್ತರಿಸಹೊರಟರೆ ಒಂಬತ್ತು ಮಾತ್ರ ಸಿಕ್ಕಿ ಅಂಚೆಲ್ಲ ವ್ಯರ್ಥ. ಅದರ ಬದಲು ಅರ್ಧ ಮಡಿಸಿ ಕತ್ತರಿಸುವುದನ್ನು ನಾಲ್ಕು ಬಾರಿ ಮಾಡಿದರೆ, ಪ್ರತಿ ಬದಿಗೂ ಎರಡೆರಡು ಸಲದಂತೆ, 14 ಸೆಂ.ಮೀ. × 17.75 ಸೆಂ.ಮೀ.ನ 16 ತುಂಡು ಸಿಗುತ್ತವೆ. ಅಳತೆಯೂ ಬೇಡ, ಒಂದು ಚೂರೂ ಹಾಳಾಗದು. ಎರಡರ ನಾಲ್ಕನೇ ಘಾತ ಹದಿನಾರು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. 32 ಮಕ್ಕಳಿಗೆ ಎರಡು ಹಾಳೆ ಲೆಕ್ಕಕ್ಕೆ ಸರಿ. ಕೈತಪ್ಪಿದವರಿಗೆ ಇನ್ನೊಂದು ತುಂಡು ಧೈರ್ಯವಾಗಿ ಕೊಡಲು ಮೂರನೆಯ ಹಾಳೆ.

ಕಾಗದಕ್ಕೂ ಮರದಂತೆ ನಾರಿನ ದಿಕ್ಕಿದೆ. ಕಾರ್ಖಾನೆಯಲ್ಲಿ ಕಾಗದದ ತಿಳಿ ಹಿಟ್ಟು ಚಲಿಸುವ ಜಾಲರಿಯ ಮೇಲೆ ಹರಿಯುವಾಗ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗುತ್ತವೆ. ನಾರಿನ ಗುಂಟ ಮಡಿಸಿದರೆ ಮಡಿಕೆ ನೇರ, ನಯ. ಅಡ್ಡಕ್ಕೆ ಮಡಿಸಿದರೆ ದಪ್ಪ ಹಾಳೆ ಬಿರಿದು ಅಂಚು ಒರಟಾಗುತ್ತದೆ. ದಿಕ್ಕು ತಿಳಿಯಲು ಮೂರು ಸುಲಭ ಪರೀಕ್ಷೆಗಳಿವೆ. ಒಂದು, ಹಾಳೆಯನ್ನು ಎರಡೂ ಬದಿಗೆ ಮೆಲ್ಲನೆ ಬಾಗಿಸಿ. ಯಾವ ಕಡೆ ಸುಲಭವಾಗಿ ಬಾಗಿ ಸುರುಳಿಯಾಗುತ್ತದೆಯೋ ಆ ಸುರುಳಿಯ ಉದ್ದಕ್ಕೆ ನಾರು. ಎರಡು, ಹರಿದು ನೋಡಿ. ನಾರಿನ ಗುಂಟ ಹರಿದದ್ದು ನೇರ ಹೋಗುತ್ತದೆ. ಮೂರು, ಚೂರಿನ ಒಂದೇ ಬದಿಗೆ ನೀರು ಸವರಿ. ಸುತ್ತಿಕೊಂಡ ಸುರುಳಿಯ ಉದ್ದವೇ ನಾರಿನ ದಿಕ್ಕು. ನೀರು ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುವುದೇ ಇದಕ್ಕೆ ಕಾರಣ.

ಚಾರ್ಟ್ ಹಾಳೆಯನ್ನು ತುಂಡು ಮಾಡುವ ಮೊದಲೇ ಈ ದಿಕ್ಕನ್ನು ಕಂಡುಕೊಂಡರೆ ಎಲ್ಲ 16 ತುಂಡಿಗೂ ಅದೇ ಅನ್ವಯ. ನನ್ನ ಹಾಳೆಯಲ್ಲಿ ನಾರು 14 ಸೆಂ.ಮೀ. ಬದಿಯ ಗುಂಟ ಇತ್ತು. ಮಡಿಸಿದಾಗ 14 ಸೆಂ.ಮೀ. ಎತ್ತರ, ಸುಮಾರು 8.9 ಸೆಂ.ಮೀ. ಅಗಲದ ಪತ್ರವಾಯಿತು. ನಾರು ಇನ್ನೊಂದು ಬದಿಗಿದ್ದರೆ 7 ಸೆಂ.ಮೀ. ಅಗಲದ ನೀಳ ಪತ್ರ ಮಾಡಿಕೊಳ್ಳಬೇಕು. ಅದೂ ಚೆನ್ನಾಗಿಯೇ ಕಾಣುತ್ತದೆ.

2. ಅಳತೆಪಟ್ಟಿ ಮತ್ತು 3. ಗೆರೆ ಎಳೆಯುವ ಸಾಧನ

ಸ್ಟೀಲ್ ಸ್ಕೇಲು ಒಳ್ಳೆಯದು. ಅಂಚು ತರಚಿರದ ಯಾವ ಸ್ಕೇಲಾದರೂ ಆದೀತು. ದಪ್ಪ ಕಾಗದವನ್ನು ಮಡಿಸುವ ಮುನ್ನ ಮಡಿಕೆಯ ಜಾಗದಲ್ಲಿ ಒತ್ತುಗೆರೆ ಎಳೆಯಬೇಕು. ಇದಕ್ಕೆಂದೇ ಮಾರುವ ಸಾಧನಗಳಿವೆ, ಆದರೆ ಶಾಯಿ ಮುಗಿದ ಬಾಲ್‌ಪೆನ್ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಒತ್ತುಗೆರೆಯ ತಗ್ಗು ಹೊರಗೆ, ಅದರ ಉಬ್ಬು ಮಡಿಕೆಯ ಒಳಗೆ ಬರುವಂತೆ ಮಡಿಸಬೇಕು. ಹಾಗೆ ಮಾಡಿದರೆ ಹೊರಮೈಯ ನಾರು ಕಡಿಮೆ ಎಳೆಯಲ್ಪಡುತ್ತದೆ, ಬಿರಿಯುವುದಿಲ್ಲ. ಕೊನೆಗೆ ಚಮಚದ ಬೆನ್ನಿನಿಂದ ಮಡಿಕೆಯನ್ನು ಉಜ್ಜಿದರೆ ಅಂಚು ಕೂಡುತ್ತದೆ.

4. ಕತ್ತರಿ

ನಾಲ್ವರಿಗೆ ಒಂದು ಸಾಕು. ಒಬ್ಬರು ಕತ್ತರಿಸುವಾಗ ಇನ್ನೊಬ್ಬರು ಗೆರೆ ಎಳೆಯುವಂತೆ ಕೆಲಸದ ಸರದಿ ಹೆಣೆದಿರಬೇಕು. ತುದಿ ಮೊಂಡಾಗಿರಲಿ, ಅಲಗು ಹರಿತವಾಗಿರಲಿ. ಹರಿತವಿಲ್ಲದ ಕತ್ತರಿ ಕಾಗದವನ್ನು ಜಗಿಯುತ್ತದೆ, ಮಗು ಬಲ ಹಾಕುತ್ತದೆ, ಕೈ ಜಾರುತ್ತದೆ. ಕಟ್ಟರ್ ಶಿಕ್ಷಕರ ಕೈಯಲ್ಲಿ ಮಾತ್ರ. ಎಡಗೈ ಮಕ್ಕಳನ್ನು ಮರೆಯಬಾರದು. ಸಾಮಾನ್ಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದಾಗ ಅಲಗುಗಳು ಒಂದಕ್ಕೊಂದು ಒತ್ತುವ ಬದಲು ದೂರ ಸರಿಯುತ್ತವೆ, ಕತ್ತರಿಸಬೇಕಾದ ಗೆರೆಯೂ ಅಲಗಿನ ಮರೆಗೆ ಹೋಗುತ್ತದೆ. ಆ ಮಗು ಸೊಟ್ಟಗೆ ಕತ್ತರಿಸಿದರೆ ದೋಷ ಮಗುವಿನದಲ್ಲ. ಎಡಗೈ ಕತ್ತರಿ ಸಿಗದಿದ್ದರೆ ಆ ಮಗುವಿಗೆ ಸ್ಕೇಲಿನ ಅಂಚಿಗೆ ಒತ್ತಿ ಹರಿಯುವುದನ್ನು ಕಲಿಸಬಹುದು. ನಾರಿನ ಗುಂಟವಾದರೆ ನೇರವಾಗಿ ಹರಿಯುತ್ತದೆ.

5. ಅಂಟು

ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ನೀರಿನ ಅಂಶವಿದೆ. ಹೆಚ್ಚು ಬಳಿದರೆ ಕಾಗದ ಉಬ್ಬಿ ಸುಕ್ಕಾಗುತ್ತದೆ. ಬೆರಳಿನ ಬದಲು ಹಳೆಯ ಕಾರ್ಡಿನ ಪಟ್ಟಿಯಿಂದ ತೆಳ್ಳಗೆ ಸವರಿ, ಪುಸ್ತಕದ ಭಾರವಿಟ್ಟು ಒಣಗಿಸಬೇಕು. ಮೈದಾ ಅಂಟೂ ಸಾಕಷ್ಟು ಒಳ್ಳೆಯದು. ಒಂದು ಚಮಚ ಮೈದಾವನ್ನು ಐದಾರು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕದಡುತ್ತ ಪಾರದರ್ಶಕವಾಗುವವರೆಗೆ ಬೇಯಿಸಿದರಾಯಿತು. ಕೆಡದಿರಲೆಂದು ಹಿಂದೆ ಇದಕ್ಕೆ ಮೈಲುತುತ್ತ ಬೆರೆಸುವ ರೂಢಿ ಇತ್ತು. ಅದು ವಿಷ, ತರಗತಿಯಲ್ಲಿ ಕೂಡದು. ಎರಡು ದಿನಕ್ಕೆ ಬೇಕಾದಷ್ಟೇ ಮಾಡಿಕೊಂಡರೆ ಅದರ ಅಗತ್ಯವೂ ಇಲ್ಲ.

6. ಬಣ್ಣ

ಎನ್‌ಸಿಇಆರ್‌ಟಿಯ ಏಳನೇ ತರಗತಿಯ ಹಿಂದಿನ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಅಧ್ಯಾಯದ ಜೊತೆ ಹಲವು ವರ್ಷ ಮಕ್ಕಳು ಮಾಡುತ್ತ ಬಂದ ಒಂದು ಚಟುವಟಿಕೆಯಿತ್ತು: ಅರಿಶಿನ ಬಳಿದ ಕಾಗದದ ಮೇಲೆ ಸಾಬೂನಿನ ನೀರಿನಿಂದ ಹೂ ಬಿಡಿಸಿ ತಾಯಿಗೆ ಶುಭಾಶಯ ಪತ್ರ ಕೊಡುವುದು. ಅರಿಶಿನದ ಕುರ್ಕ್ಯುಮಿನ್ ಪ್ರತ್ಯಾಮ್ಲದಲ್ಲಿ ಕೆಂಪುಗಂದಾಗುತ್ತದೆ. ನನ್ನ ಪೆಟ್ಟಿಗೆಯ ಬಣ್ಣ ಇದೇ ಆಯಿತು. ಬಟ್ಟೆ ಒಗೆಯುವ ಬಾರ್ ಸಾಬೂನು ಬಣ್ಣವನ್ನು ಚೆನ್ನಾಗಿ ಎಬ್ಬಿಸುತ್ತದೆ. ಅಡುಗೆ ಸೋಡದ ನೀರಿನಲ್ಲಿ ಬಣ್ಣ ಮಂಕು. ಸುಣ್ಣದಲ್ಲಿ ಬಹಳ ಗಾಢ, ಆದರೆ ಕಣ್ಣಿಗೆ ಅಪಾಯ. ಮಕ್ಕಳ ಕೈಗೆ ಕೊಡಬಾರದು.

ಬೇಡವಾದವು

ಮಿಂಚುವ ಪುಡಿ, ಸ್ಟಿಕ್ಕರ್, ಆಕಾರ ಕತ್ತರಿಸುವ ಪಂಚ್, ಬಿಸಿ ಅಂಟಿನ ಗನ್, ಥರ್ಮಾಕೋಲ್ ಇವಾವುವೂ ಇಲ್ಲದೆ ಪತ್ರ ಪತ್ರವೇ. ಮಿಂಚುವ ಪುಡಿ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನ ಚೂರು. ಕೈ ತೊಳೆದ ನೀರಿನೊಡನೆ ಚರಂಡಿ ಸೇರುತ್ತದೆ. ಅಲಂಕಾರದ ಥರ್ಮಾಕೋಲನ್ನಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಆದರೂ ಶಾಲಾ ವಸ್ತುಪ್ರದರ್ಶನಗಳ ಪಟ್ಟಿಯಲ್ಲಿ ಅದು ಅಭ್ಯಾಸಬಲದಿಂದ ಇಣುಕುವುದುಂಟು.

32 ಮಕ್ಕಳ ಸಾಮಾನ್ಯ ಪೆಟ್ಟಿಗೆ

ನಾಲ್ವರಂತೆ ಎಂಟು ಗುಂಪುಗಳಿಗೆ:

ಚಾರ್ಟ್ ಹಾಳೆ – 3
ಎ4 ಡ್ರಾಯಿಂಗ್ ಹಾಳೆ – 5 (ಒಂದರಿಂದ 7.4 ಸೆಂ.ಮೀ. × 10.5 ಸೆಂ.ಮೀ.ನ ಎಂಟು ತುಂಡು)
ಕತ್ತರಿ, ಸ್ಕೇಲು, ಶಾಯಿ ಮುಗಿದ ಪೆನ್ನು, ಚಮಚ – ತಲಾ 8
ಬಿಳಿ ಅಂಟು – ಒಂದು ಸಣ್ಣ ಬಾಟಲಿ
ಅರಿಶಿನ ಪುಡಿ – 4 ಚಮಚ. ಬಾರ್ ಸಾಬೂನು – ಒಂದು ತುಂಡು
ತುದಿಗೆ ಹತ್ತಿ ಸುತ್ತಿದ ಊದುಬತ್ತಿ ಕಡ್ಡಿ – 32
ಹಳೆಯ ಲಗ್ನಪತ್ರಿಕೆ, ಕ್ಯಾಲೆಂಡರ್ ಹಾಳೆ, ಪತ್ರಿಕೆ – ಸಿಕ್ಕಷ್ಟು

ಕೊಂಡದ್ದು ಕಾಗದ ಮತ್ತು ಅಂಟು ಮಾತ್ರ: 138 ರೂಪಾಯಿ. ಮಗುವಿಗೆ ನಾಲ್ಕೂಕಾಲು ರೂಪಾಯಿ ಚಿಲ್ಲರೆ. ಕತ್ತರಿ, ಸ್ಕೇಲುಗಳನ್ನು ಶಾಲೆಯಿಂದಲೂ ಸಹಪಾಠಿ ಪ್ರಶಿಕ್ಷಣಾರ್ಥಿಗಳಿಂದಲೂ ಎರವಲು ಪಡೆದೆ.

ಪಾಠದ ಹಂತಗಳು (80 ನಿಮಿಷ, ಎರಡು ಅವಧಿ ಸೇರಿಸಿ)

ಹಿಂದಿನ ದಿನವೇ ಡ್ರಾಯಿಂಗ್ ಹಾಳೆಯ ತುಂಡುಗಳಿಗೆ ಅರಿಶಿನದ ಸರಿ ಬಳಿದು ನೆರಳಿನಲ್ಲಿ ಒಣಗಿಸಲಾಯಿತು. ನುಣುಪು ಚಾರ್ಟ್ ಹಾಳೆ ಅರಿಶಿನವನ್ನು ಹೀರದು, ಮೇಲೆ ತೇಲಿಸುತ್ತದೆ. ಒರಟು ಹಾಳೆಯ ತುಂಡಿಗೆ ಬಳಿದು, ಅದನ್ನು ಪತ್ರದ ಮುಖಕ್ಕೆ ಅಂಟಿಸುವುದು ಸರಿಯಾದ ಕ್ರಮ.

ಪೀಠಿಕಾ ಪ್ರಶ್ನೆ (10 ನಿಮಿಷ): “ಮದುಮಕ್ಕಳಿಗೆ ಆರತಿ ಎತ್ತುವ ನೀರು ಯಾಕೆ ಕೆಂಪಗಿರುತ್ತದೆ?” ಒಬ್ಬ ಹುಡುಗಿ ಕೂಡಲೇ ಎದ್ದಳು: “ಅಜ್ಜಿ ಅರಿಶಿನದ ನೀರಿಗೆ ಸುಣ್ಣ ಹಾಕ್ತಾರೆ ಮಿಸ್.” ಸೂಚಕದ ಪರಿಕಲ್ಪನೆಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ತಿಳಿಯದು.

ನಾರಿನ ದಿಕ್ಕು ಕಂಡುಹಿಡಿಯುವುದು (15), ಅರಿಶಿನದ ತುಂಡಿನ ಮೇಲೆ ಸಾಬೂನು ನೀರಿನ ಚಿತ್ರ (15), ಅದು ಒಣಗುವ ಹೊತ್ತಿನಲ್ಲಿ ಪತ್ರದ ಒತ್ತುಗೆರೆ ಮತ್ತು ಮಡಿಕೆ (15), ಅಂಟಿಸುವುದು (10), ಒಳಗೆ ಬರಹ (10), ಸಾಮಾನು ಹಿಂದಿರುಗಿಸಿ ಜಾಗ ಶುಚಿ ಮಾಡುವುದು (5). ಚಿತ್ರವನ್ನು ಮಡಿಕೆಗಿಂತ ಮೊದಲು ಇರಿಸಿದ್ದಕ್ಕೆ ಕಾರಣವಿದೆ: ಒದ್ದೆ ತುಂಡನ್ನು ಅಂಟಿಸಿದರೆ ಪತ್ರವೂ ಸುತ್ತಿಕೊಳ್ಳುತ್ತದೆ.

ಅವಲೋಕನಗಳು

ಮೊದಲನೆಯದು ನಾರಿನ ಪರೀಕ್ಷೆಯಲ್ಲಿ ಕಂಡದ್ದು. ಹಳೆಯ ಪತ್ರಿಕೆಗಳನ್ನು ಹಂಚಿ, ಯಾವ ಕಡೆ ನೇರ ಹರಿಯುತ್ತದೆ ಊಹಿಸಿ ಎಂದೆ. ಗುಂಪುಗಳು ಚರ್ಚಿಸುತ್ತಿದ್ದಾಗ ಒಬ್ಬ ಹುಡುಗ ಹರಿಯದೆಯೇ ಹೇಳಿದ: “ಮೇಲಿಂದ ಕೆಳಕ್ಕೆ ಸೀಳಿದ್ರೆ ನೆಟ್ಟಗೆ ಬರ್ತದೆ ಮಿಸ್. ಅಡ್ಡ ಸೀಳಿದ್ರೆ ಎತ್ತೆತ್ತಲೋ ಹೋಗ್ತದೆ. ನಮ್ಮನೇಲಿ ಅಂಗಡಿಗೆ ಕವರ್ ಮಾಡ್ತೀವಲ್ಲ.” ನಾನು ವೀಕ್ಷಿಸಿದ ತರಗತಿಯಲ್ಲಿ ಏನೂ ತರದೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಐವರಲ್ಲಿ ಅವನೊಬ್ಬ. ಮೈದಾ ಅಂಟನ್ನು ಎಷ್ಟು ಗಟ್ಟಿ ಕಾಯಿಸಬೇಕು, ಅಂಟು ಸವರಿದ ಅಂಚನ್ನು ಎಷ್ಟು ಹೊತ್ತು ಒತ್ತಿ ಹಿಡಿಯಬೇಕು ಎಂಬುದನ್ನೂ ಅವನಿಂದ ಕೇಳಿದೆವು. ಕಾಗದದ ಕೆಲಸದಲ್ಲಿ ಆ ಕೋಣೆಯಲ್ಲಿದ್ದ ಎಲ್ಲರಿಗಿಂತ, ನನ್ನನ್ನೂ ಸೇರಿಸಿ, ಹೆಚ್ಚು ಕೈಪಳಗಿದವನು ಅವನೇ. ಹನ್ನೊಂದು ಸಾಮಾನುಗಳ ಪಟ್ಟಿಗೆ ಅವನ ತಿಳಿವು ಕಾಣಿಸುವ ದಾರಿಯೇ ಇರಲಿಲ್ಲ.

ಎರಡನೆಯದು: ಒಂದು ಗುಂಪು ಸಾಬೂನಿನ ಬದಲು ಕೈತೊಳೆಯುವ ದ್ರವವನ್ನು ಬಳಸಿ ನೋಡಿತು. ಬಣ್ಣ ಬದಲಾಗಲಿಲ್ಲ. “ಇದು ಸಾಬೂನೇ ಅಲ್ವಾ ಮಿಸ್?” ಎಂಬ ಪ್ರಶ್ನೆ ಬಂತು. ಶುಚಿ ಮಾಡುವುದೆಲ್ಲ ಪ್ರತ್ಯಾಮ್ಲವಲ್ಲ, ಇಂಥ ದ್ರವಗಳಲ್ಲಿ ಹಲವನ್ನು ಚರ್ಮಕ್ಕೆ ಹಿತವಾಗಲೆಂದು ತಟಸ್ಥಕ್ಕೆ ಹತ್ತಿರವಾಗಿ ತಯಾರಿಸುತ್ತಾರೆ ಎಂಬ ವಿವರಣೆಗೆ ಅದು ಎಡೆಯಾಯಿತು. ಇನ್ನೊಂದು ಗುಂಪು ನಿಂಬೆರಸ ಸೋಕಿಸಿ ಕೆಂಪನ್ನು ಮತ್ತೆ ಹಳದಿ ಮಾಡಿತು.

ಮೂರನೆಯದು: ಪಠ್ಯದ ಚಟುವಟಿಕೆಯಲ್ಲಿ ಪತ್ರ ತಾಯಿಗೆ. ನಾನು ಯಾರಿಗೆ ಎಂಬುದನ್ನು ಮಕ್ಕಳಿಗೇ ಬಿಟ್ಟೆ. ತಾಯಿ ಊರಲ್ಲಿಲ್ಲದ, ತಾಯಿ ಇಲ್ಲದ ಮಕ್ಕಳು ತರಗತಿಯಲ್ಲಿದ್ದರು. ಪತ್ರಗಳು ಅಜ್ಜಿಗೆ, ಅಕ್ಕನಿಗೆ, ಸೈನ್ಯದಲ್ಲಿರುವ ಮಾವನಿಗೆ ಹೋದವು. ಮೂರು ಪತ್ರಗಳು ಬಿಸಿಯೂಟದ ಅಡುಗೆಯವರಿಗೆ ಸಿಕ್ಕವು.

ನಾಲ್ಕನೆಯದು: ಬರಹಕ್ಕೆ ಕೊಟ್ಟ ಹತ್ತು ನಿಮಿಷ ಸಾಲದಾಯಿತು. ಮಕ್ಕಳು ಮೊದಲು ನೋಟ್‌ಬುಕ್ಕಿನಲ್ಲಿ ಬರೆದು ತಿದ್ದಿ ಆಮೇಲೆ ಪತ್ರಕ್ಕೆ ಇಳಿಸಲು ಬಯಸಿದರು. ಕನ್ನಡ ಶಿಕ್ಷಕರು ತಮ್ಮ ಅವಧಿಯಲ್ಲಿ ಅದನ್ನು ಪೂರ್ತಿ ಮಾಡಿಸಿದರು. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕು, ಪತ್ರವನ್ನು ಕಿಟಕಿಯ ಬಳಿ ಇಟ್ಟ ಮಗು ನಿರಾಶೆಗೊಳ್ಳದಂತೆ.

ಮೌಲ್ಯಮಾಪನ

ಅಂದಕ್ಕೆ ಅಂಕವಿರಲಿಲ್ಲ. ಐದು ಮಾನದಂಡಗಳಿದ್ದವು: ಪತ್ರ ತಾನಾಗಿ ನಿಲ್ಲುತ್ತದೆಯೇ, ಮಡಿಸಿದ ಅಂಚುಗಳು ಕೂಡುತ್ತವೆಯೇ, ಮಡಿಕೆಯ ದಿಕ್ಕನ್ನು ಆರಿಸಿದ ಕಾರಣವನ್ನು ಮಗು ಹೇಳುತ್ತದೆಯೇ, ಬಣ್ಣ ಬದಲಾದ ಕಾರಣವನ್ನು ಹೇಳುತ್ತದೆಯೇ, ಸಾಮಾನನ್ನು ಎಣಿಸಿ ಹಿಂದಿರುಗಿಸಿತೇ. ದುಬಾರಿ ಸಾಮಾನು ಇದ್ದವರಿಗೆ ಈ ಐದರಲ್ಲಿ ಯಾವುದರಲ್ಲೂ ಹೆಚ್ಚಿನ ಅಂಕ ಸಿಗುವಂತಿಲ್ಲ. ಅಂದು ಹಾಜರಿದ್ದ 31 ಮಕ್ಕಳ ಪತ್ರಗಳಲ್ಲಿ 27 ನಿಂತವು. ಉಳಿದ ನಾಲ್ಕು ಮಕ್ಕಳು ಮೂರನೆಯ ಚಾರ್ಟಿನ ತುಂಡಿನಲ್ಲಿ ಮತ್ತೆ ಮಡಿಸಿದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು

ಪಟ್ಟಿ ಬರೆಸುವ ಮುನ್ನ ಅದೇ ಸಾಮಾನಿನಿಂದ ನೀವೇ ಒಮ್ಮೆ ಮಾಡಿ ನೋಡಿ. ಬೇಡದ್ದು ತಾನೇ ಉದುರುತ್ತದೆ. ಮಕ್ಕಳಿಂದ ತರಿಸಲೇಬೇಕಾದರೆ ಕಾಸು ಕೊಡದೆ ಸಿಗುವುದನ್ನಷ್ಟೇ ತರಿಸಿ, ಬಂದದ್ದನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಿ, ಯಾರು ತಂದರು ಎಂಬ ಲೆಕ್ಕ ಬೇಡ. ಪ್ರತಿ ಗುಂಪಿಗೂ ಹೆಚ್ಚಿನ ಒಂದೆರಡು ಕಾಗದದ ತುಂಡು ಇಟ್ಟಿರಿ. ಕೆಟ್ಟರೆ ಮತ್ತೊಂದಿದೆ ಎಂದು ತಿಳಿದ ಮಗು ಧೈರ್ಯವಾಗಿ ಕತ್ತರಿಸುತ್ತದೆ. ನಿಮ್ಮ ತರಗತಿಯ ಮಕ್ಕಳ ಮನೆಗಳಲ್ಲಿ ಕಾಗದ, ಬಟ್ಟೆ, ಮರದ ಕೆಲಸ ಮಾಡುವವರು ಯಾರಿದ್ದಾರೆ ಎಂದು ಮೊದಲೇ ವಿಚಾರಿಸಿ, ಅವರ ಮಾತಿಗೆ ಪಾಠದಲ್ಲಿ ಐದು ನಿಮಿಷ ತೆಗೆದಿಡಿ.

ನಮ್ಮ ಪೆಟ್ಟಿಗೆಯನ್ನು ಆ ಶಾಲೆಯಲ್ಲೇ ಬಿಟ್ಟು ಬಂದಿದ್ದೇವೆ. ಮುಚ್ಚಳದ ಒಳಬದಿಗೆ ಸಾಮಾನಿನ ಎಣಿಕೆಯ ಚೀಟಿ ಅಂಟಿಸಿದೆ. ಏಳನೇ ತರಗತಿಯ ಇಬ್ಬರು ಮಕ್ಕಳು ವಾರಕ್ಕೊಮ್ಮೆ ಅದನ್ನು ಪರಿಶೀಲಿಸುವ ಹೊಣೆ ಹೊತ್ತಿದ್ದಾರೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅಲ್ಲಿಗೆ ಹೋದಾಗ ಚಾರ್ಟ್ ಹಾಳೆ ಮತ್ತು ಅಂಟು ತೆಗೆದುಕೊಂಡು ಹೋದರೆ ಸಾಕು.